ಇರುವೆ ಮದ್ದಿನ ಬಾವಿ

ಇದು ನನ್ನ ಚಿಕ್ಕಪ್ಪನ ಮಗಳು ದುರ್ವಲೀನಳಿಗೆ ಆದದ್ದು. ಅವರಿವರು ಹೇಳಿದ್ದನ್ನ ನಾನು ಹೇಳ್ತಿಲ್ಲ... ಮಾರನೇ ಬೆಳಿಗ್ಗೆ ನಾನು ಅವಳ ಮನೇಲೇ ಇದ್ದೆ.

ಮೇ ತಿಂಗಳು, ನಮ್ಮ ದೇಶದಲ್ಲಿ ಚಳಿಗಾಲ ಶುರುವಾಗೋ ಹೊತ್ತು. ಸಾಂತಾ ಒಲಾಲಿಯ ಕಾಫಿ ತೋಟದಲ್ಲಿ ಚಳಿ ಆಗಲೇ ಹಿಡಿದಿತ್ತು. ಇಗರ್ಜಿಯಲ್ಲಿ ಮಾತೆಯ ಜಪಮಾಲೆ ಪ್ರಾರ್ಥನೆ ಮುಗಿಯೋದು ತಡವಾಯ್ತು. ಎಲ್ಲರೂ ಗುಂಪಾಗಿ ದೊಡ್ಡ ದಾರಿ ಹಿಡಿದರು. ದುರ್ವಲೀನ ಮಾತ್ರ ಲಾಟೀನು ಹಿಡಿದು ಒಳದಾರಿಗೆ ತಿರುಗಿದಳು. ಅವಳ ಜೊತೆ ಹೆಚ್ಚು ಜನ ಮಾತಾಡ್ತಿರಲಿಲ್ಲ, ಯಾಕೆ ಅಂತ ಹೇಳ್ತೀನಿ.

ಆ ದಾರೀಲಿ, ಒಂದು ತಗ್ಗಿನಲ್ಲಿ ಹಳೇ ಬಾವಿ. ಬಾಯಿಗೆ ಹಲಗೆ ಹೊಡೆದು ಮುಚ್ಚಿದ್ದರು. ಅಲ್ಲಿಗೆ ಬರೋ ಹೊತ್ತಿಗೆ ಗಾಳಿ ನಿಂತಿತು. ಕಪ್ಪೆ ಇಲ್ಲ, ಜೀರುಂಡೆ ಇಲ್ಲ. ಆಮೇಲೆ ನೆಲದ ಹತ್ತಿರದಿಂದ ಒಂದು ಸದ್ದು.

ಫುಸ್ಸ್... ಕಿರ್ರ್. ಫುಸ್ಸ್... ಕಿರ್ರ್.

ತಿದಿ ಒತ್ತೋ ಸದ್ದು. ಒತ್ತಿದಾಗ ತೊಗಲಿನ ಫುಸ್ಸು, ಎಳೆದಾಗ ಮರದ ಹಿಡಿಯ ಕಿರ್ರು. ಆ ಕಿರ್ರು ಅವಳ ಗಂಡನ ತಿದಿಯದು. ಹಿಡಿಗೆ ಅವಳೇ ಎಷ್ಟೋ ಸಲ ಹಂದಿ ಕೊಬ್ಬು ಸವರಿದ್ದಳು.

ಗಂಡ ಒನೋಫ್ರಿ ಸತ್ತು ವರ್ಷ ಕಳೆದಿತ್ತು.

ಒನೋಫ್ರಿಯ ಕೆಲಸ ಇರುವೆ ಕೊಲ್ಲೋದು. ನಮ್ಮ ಕಡೆ ಎಲೆ ಕತ್ತರಿಸೋ ಕೆಂಪಿರುವೆ ಇದೆ. ಒಂದು ರಾತ್ರೀಲಿ ಒಂದು ಗಿಡ ಬೋಳಿಸಿ ಎಲೆಯನ್ನೆಲ್ಲ ಹುತ್ತಕ್ಕೆ ಹೊತ್ಕೊಂಡು ಹೋಗುತ್ತೆ. ಅದಕ್ಕೆ ತಗಡಿನ ಡಬ್ಬೀಲಿ ಮದ್ದು ಬರ್ತಿತ್ತು. ಮೇಲೆ ತಲೆಬುರುಡೆ ಚಿತ್ರ, ಕೆಳಗೆ ಕಾರ್ಬನ್ ಡೈಸಲ್ಫೈಡ್ ಅಂತ ಬರಹ. ನಾವು ಇರುವೆ ಮದ್ದು ಅಂತಿದ್ವಿ. ನೀರಿನ ಹಾಗೆ ತಿಳಿ, ಕೊಳೆತ ಕೋಸಿನ ವಾಸನೆ. ಹುತ್ತದ ಬಾಯಿಗೆ ಸುರಿದು ತಿದಿಯಿಂದ ಒಳಗೆ ಊದೋದು. ಅದರ ಆವಿ ಮೇಲೇಳಲ್ಲ. ನೆಲ ಹಿಡಿದು ಹರಿಯುತ್ತೆ, ತಗ್ಗು ಸಿಕ್ಕಲ್ಲಿ ನಿಲ್ಲುತ್ತೆ.

"ಕಿಡೀನೇ ಬೇಕಾಗಿಲ್ಲ ಇದಕ್ಕೆ," ಅಂತಿದ್ದ ಒನೋಫ್ರಿ. "ಲಾಟೀನಿನ ಗಾಜು ಕಾದಿದ್ರೂ ಸಾಕು, ಹತ್ಕೊಳ್ಳುತ್ತೆ. ಮನೆಯೊಳಗೆ ಡಬ್ಬಿ ತರೋ ಹಾಗಿಲ್ಲ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು." ಎಲ್ಲಾ ಗೊತ್ತಿತ್ತು ಅವನಿಗೆ. ಆದರೆ ಕೈಗವಸು ಯಾರು ಕೊಟ್ಟರು? ಬರೀ ಕೈ, ಬರೀ ಕಾಲು, ಸುಗ್ಗಿಯಿಂದ ಸುಗ್ಗಿಗೆ ಅದೇ ಮದ್ದು.

ಮೊದಲು ತಲೆನೋವು. ಆಮೇಲೆ ಪಾದ ಜೋಮು ಹಿಡೀತು. ಒಲೆಯ ಕೆಂಡ ತುಳಿದು ನಿಂತಿದ್ದನಂತೆ... ಹೆಂಡತಿ ಕೂಗಿದ ಮೇಲೆ ಕೆಳಗೆ ನೋಡಿದ್ದು. ಆಮೇಲೆ ಕನಸು. ನಿದ್ದೇಲಿ ಎದ್ದು ಗೋಡೆಗೆ ಕಿವಿ ಇಡೋನು. "ನಡೀತಿವೆ ಕಣೆ, ಒಳಗೆ ನಡೀತಿವೆ," ಅಂತ ಅಳೋನು. ಅಂಥ ಮೆದು ಮನುಷ್ಯ ಅವಳ ಮೇಲೆ ಕೈ ಮಾಡೋ ಮಟ್ಟಕ್ಕೆ ಬಂದ. ಅವಳು ಮೇಸ್ತ್ರಿ ಹತ್ರ ಹೋಗಿ ಬೇರೆ ಕೆಲಸ ಕೊಡಿ ಅಂತ ಕೇಳಿದಳು.

"ನಿನ್ನ ಗಂಡನ ಬಾಟಲಿ ಬಚ್ಚಿಡು, ಎಲ್ಲಾ ಸರಿಹೋಗುತ್ತೆ," ಅಂದ ಮೇಸ್ತ್ರಿ.

ಒನೋಫ್ರಿ ಕುಡಿಯೋನೇ ಅಲ್ಲ. ಯಾರಿಗೆ ಹೇಳೋದು?

ಒಂದು ದಿನ ಬಾವಿ ಪಕ್ಕದ ಹುತ್ತಕ್ಕೆ ಮದ್ದು ಸುರಿದು ಬಂದ. ಮಾರನೇ ಬೆಳಿಗ್ಗೆ ಬಾವಿಗೆ ಬಿಂದಿಗೆ ಬಿತ್ತು. ತೆಗೆಯೋಕೆ ಇಳಿದ, ದುರ್ವಲೀನ ಮೇಲೆ ಹಗ್ಗ ಹಿಡಿದು ನಿಂತಿದ್ದಳು. ಇರುವೆ ಬಿಲ ಭೂಮಿಯೊಳಗೆ ಎಲ್ಲೆಲ್ಲಿಗೆ ಹೋಗಿರುತ್ತೋ ಯಾರು ಕಂಡರು? ಆವಿ ಬಿಲದ ದಾರೀಲೇ ಬಾವಿಗೆ ಇಳಿದು ಕೂತಿತ್ತು. ಅರ್ಧ ಇಳಿದವನಿಗೆ ವಾಸನೆ ಗೊತ್ತಾಯ್ತು.

"ದುರ್ವಾ... ಇಳೀಬೇಡ. ಯಾರನ್ನೂ ಇಳಿಸ್ಬೇಡ."

ಅಷ್ಟೇ. ಧುಡುಮ್ ಅಂತ ನೀರಿನ ಸದ್ದು. ಹಗ್ಗ ಸಡಿಲವಾಯ್ತು.

ಅವಳ ಕೂಗಿಗೆ ಮೈದುನ ತಿಬೂರ್ಸಿಯು ಓಡಿ ಬಂದ. ಇಳಿಯೋಕೆ ಹೊರಟವನ ಕಾಲು ಹಿಡಿದಳು. ಬಾವಿ ಬಾಯಿಗೆ ಅಡ್ಡ ಮಲಗಿಬಿಟ್ಟಳು. ಅವನು ಬೈದ, ಜಡೆ ಹಿಡಿದು ಎಳೆದ. ಅವಳು ಏಳಲಿಲ್ಲ. ಕೆಳಗಿಂದ ಒಂದೆರಡು ಸಲ ಗುಳುಗುಳು ಅಂತ ಸದ್ದು ಬಂತು, ಆಮೇಲೆ ಅದೂ ಇಲ್ಲ. ಹೆಣವನ್ನ ಕೊಕ್ಕೆ ಹಾಕಿ ತೆಗೆದರು.

ಅವತ್ತಿನಿಂದ ತೋಟದವರೆಲ್ಲ ಅವಳನ್ನ ಗಂಡ ಮುಳುಗೋದು ನೋಡ್ತಾ ಮಲಗಿದವಳು ಅಂದರು. ತಿಬೂರ್ಸಿಯುವಂತೂ ಮುಖಕ್ಕೇ ಹೇಳ್ತಿದ್ದ: "ನೀನು ಬಿಟ್ಟಿದ್ರೆ ಅಣ್ಣನ್ನ ಎತ್ಕೊಂಡು ಬರ್ತಿದ್ದೆ ಅತ್ತಿಗೆ." ಅಣ್ಣನ ಕೆಲಸ ಈಗ ಅವನದಾಗಿತ್ತು. ಡಬ್ಬಿ, ತಿದಿ, ಎಲ್ಲಾ.

ಈಗ ಆ ರಾತ್ರಿಗೆ ಬನ್ನಿ.

ಲಾಟೀನು ಹಿಡಿದು ನಿಂತಿದ್ದಾಳೆ. ಫುಸ್ಸ್... ಕಿರ್ರ್. ಮೈದುನನೇ ಈ ಹೊತ್ತಲ್ಲಿ ಮದ್ದು ಊದ್ತಿದ್ದಾನಾ ಅಂದುಕೊಂಡಳು. ಯಾರೂ ಕಾಣಲಿಲ್ಲ. ಕೋಸಿನ ವಾಸನೆ ಸಣ್ಣಗೆ ಬಂತು. ತಿದಿ ನಿಂತಿತು.

"ದುರ್ವಾ."

ಅವಳ ಮೊಣಕಾಲಿನ ಎತ್ತರದಿಂದ ಬಂದ ಪಿಸುಮಾತು. ಕೂತು ಮಾತಾಡಿದ ಹಾಗೆ.

"ಯಾರು?"

"ದೀಪ ಮೇಲೆತ್ತು... ಇನ್ನೂ ಮೇಲೆ."

ಎತ್ತಿದಳು. ಲಾಟೀನಿನ ಕಂಬಿ ಟಣಟಣ ಅಂತು.

"ಬಂದ ದಾರೀಲೇ ಹಿಂದಕ್ಕೆ ಹೋಗು. ಓಡ್ಬೇಡ."

ಅವಳು ತಿರುಗಿ ನೋಡಲಿಲ್ಲ. ಏರು ಹತ್ತಿ ಗಾಳಿ ಮುಖಕ್ಕೆ ಬಡಿಯೋವರೆಗೂ ಲಾಟೀನು ತಲೆ ಮೇಲೇ ಇತ್ತು. ಅಲ್ಲಿ ದೀಪ ಆರಿಸಿದಳು. ಅಷ್ಟರಲ್ಲಿ ಬಾವಿಯ ಆಚೆ ಕಡೆಯಿಂದ ಶಿಳ್ಳೆ. ಕತ್ತಲಲ್ಲಿ ಒಂದು ಕೆಂಪು ಚುಕ್ಕಿ ಮೇಲೆ ಕೆಳಗೆ ಆಡ್ತಾ ಬರ್ತಿದೆ. ತಿಬೂರ್ಸಿಯು. ಜೋಳದ ಸಿಪ್ಪೆಯಲ್ಲಿ ಸುತ್ತಿದ ಚುಟ್ಟಾ.

"ತಿಬೂರ್ಸಿಯು! ನಿಲ್ಲೋ! ಚುಟ್ಟಾ ಹೊಸಕಿ ಹಾಕು!"

"ಯಾರದು, ಅತ್ತಿಗೇನಾ? ಮಧ್ಯಾಹ್ನ ಡಬ್ಬಿ ಇಲ್ಲೇ ಬಿಟ್ಟೆ, ಮುಚ್ಚಳ ಹಾಕಿದ್ನೋ ಇಲ್ವೋ ನೋಡೋಣ ಅಂತ ಬಂದೆ."

"ಹಾಕಿಲ್ಲ! ವಾಸನೆ ಬರ್ತಿದೆ! ನಿಮ್ಮಣ್ಣ ಹೇಳಿದ, ಬರಬೇಡ!"

ಅದನ್ನ ಹೇಳಬಾರದಿತ್ತು. ಅವನು ಜೋರಾಗಿ ನಕ್ಕ.

"ಅಣ್ಣ ಹೇಳಿದ್ನಾ? ಸತ್ತ ಮೇಲೂ ನಿನ್ನ ಮಾತೇ ಕೇಳ್ತಾನಾ ಪಾಪ! ಅವನಿಗೂ ಒಂದು ದಮ್ಮು ಕೊಡ್ತೀನಿ ತಾಳು."

ಕೆಂಪು ಚುಕ್ಕಿ ತಗ್ಗಿಗೆ ಇಳೀತು.

ಒಂದು ಸಲ ಅಡ್ಡ ಬಿದ್ದು ಇವನನ್ನ ಉಳಿಸಿದ್ದಳು. ಈ ಸಲ ನಡುವೆ ಆ ತಗ್ಗಿತ್ತು. ಅವಳು ಕೂಗ್ತಾನೇ ಇದ್ದಳು.

ಢಂ ಅನ್ನೋ ಸದ್ದಲ್ಲ ಅದು. ಒದ್ದೆ ಬಟ್ಟೆ ಕೊಡವಿದ ಹಾಗೆ, ಭಫ್. ನೀಲಿ ಬೆಂಕಿ ನೆಲದ ಮೇಲೆ ನೀರಿನ ಹಾಗೆ ಹರೀತು. ಹುತ್ತದ ಒಂದೊಂದು ಬಾಯಿಂದಲೂ ನೀಲಿ ನಾಲಿಗೆ ಎದ್ದಿತು. ಬಾವಿಯ ಹಲಗೆಗಳು ಚಟಚಟ ಅಂತ ಹಾರಿದವು. ಜನ ಓಡಿ ಬಂದರೂ, ಬೆಂಕಿಕಡ್ಡಿ ಗೀರಿದಂಥ ವಾಸನೆಯ ಹೊಗೆಗೆ ಹತ್ತಿರ ಹೋಗೋಕಾಗಲಿಲ್ಲ. ಕೈಕೈ ಹಿಸುಕ್ತಾ ನಿಂತರು.

ತಿಬೂರ್ಸಿಯು ಬೆಳಗಿನವರೆಗೆ ಜೀವ ಹಿಡಿದಿದ್ದ. ಬೆಂಕಿ ಆರಿದ ಮೇಲೆ ಹೊತ್ತು ತಂದು, ಅತ್ತಿಗೆ ಮನೇಲಿ ಬಾಳೆ ಎಲೆ ಮೇಲೆ ಮಲಗಿಸಿದ್ದರು. ದುರ್ವಲೀನ ಬಾಯಿಗೆ ನೀರು ಬಿಡ್ತಿದ್ದಳು. ಅವನು ಅಂದ ಮಾತು ನನ್ನ ಕಿವಿಗೂ ಬಿತ್ತು.

"ಅಣ್ಣ ನಂಗೂ ಹೇಳ್ದ ಅತ್ತಿಗೆ, ಬರಬೇಡ ಅಂತ... ಪಕ್ಕದಲ್ಲೇ ಕೂತು ಹೇಳ್ದ. ನೀನೇ ಗಂಡಸಿನ ದನಿ ಮಾಡ್ತಿದ್ದೀಯ ಅಂದ್ಕೊಂಡೆ."

ಅವಳು ಅವನ ತಲೆ ಎತ್ತಿ ಹಿಡಿದಳು. ನೀರು ಬಿಡ್ತಾನೇ ಇದ್ದಳು. ಅದು ಗಂಟಲಿಗೆ ಇಳೀತಿರಲಿಲ್ಲ, ಕೆನ್ನೆ ಮೇಲೆ ಹರೀತಿತ್ತು.

ಅವನ ಕಣ್ಣು ಮುಚ್ಚಿದ ಮೇಲೆ ನಾನು ಕಾಫಿ ಕಾಯಿಸೋಕೆ ಅಡುಗೆಮನೆಗೆ ಹೋದೆ. ಹೊಸ್ತಿಲ ಮೇಲೆ ಇರುವೆ ಸಾಲು. ಇರುವೆ ಮನೆಯಿಂದ ಹುತ್ತಕ್ಕೆ ಹೊರೋದು ನೋಡಿದ್ದೀನಿ. ಇವು ಹೊರಗಿಂದ ಒಳಕ್ಕೆ ಬರ್ತಿದ್ದವು. ಒಂದೊಂದರ ಬಾಯಲ್ಲೂ ಉಗುರಿನಷ್ಟು ಬಟ್ಟೆ ಚೂರು... ಬಿಳಿ, ನಡುವೆ ಹಳದಿ ಗೆರೆ. ಒಲೆಯ ಪಕ್ಕ ತಂದು ಇಟ್ಟು ಹೋಗ್ತಿದ್ದವು.

ದುರ್ವಲೀನ ಬಂದು ನನ್ನ ಹಿಂದೆ ನಿಂತಳು.

"ಗುಡಿಸಬೇಡ," ಅಂದಳು. "ಹೂಳೋವಾಗ ಅವರಿಗೆ ಹಾಕಿದ ಅಂಗಿ ಅದು."

ಒನೋಫ್ರಿಯನ್ನ ಹೂಳಿದ್ದು ಹೊಳೆಯಾಚೆ, ಪೇಟೆಯ ಸ್ಮಶಾನದಲ್ಲಿ. ಇರುವೆ ಹೊಳೆ ಹೇಗೆ ದಾಟಿತು ಅಂತ ನನ್ನ ಕೇಳಬೇಡಿ. ಒಂದು ಚೂರನ್ನ ನಾನು ಕೈಗೆ ತಗೊಂಡೆ. ಒದ್ದೆ ಇತ್ತು.