ಸಂದೂಕದೊಳಗಿನ ಸದ್ದು

ಮನೆಗೆ ಹಳೆಯ ಸಾಮಾನು ತರುವ ಹುಚ್ಚು ಈ ಸಭೆಯಲ್ಲಿ ಎಷ್ಟು ಜನಕ್ಕಿದೆ? ಕೈ ಎತ್ತಬೇಡಿ, ಪಕ್ಕದವರು ನೋಡುತ್ತಾರೆ. ಕೂತಲ್ಲೇ ಒಂದು ಕಥೆ ಕೇಳಿ.

ಯಾವುದೋ ಒಂದು ಊರು, ಅಲ್ಲೊಬ್ಬ ಶ್ರೀಮಂತ. ಅವನ ಹೆಸರು ನಮಗೆ ಬೇಡ. ಹೆಂಡತಿಯದೂ ಬೇಡ, ಮಗ ಸೊಸೆಯದೂ ಬೇಡ. ಐದು ವರ್ಷದ ಮೊಮ್ಮಗಳೊಬ್ಬಳಿದ್ದಳು, ಅವಳಿಗೆ ಮಾತ್ರ ಹೆಸರಿರಲಿ, ನೀಲವ್ವ. ಯಾಕೆಂದರೆ ಮುಂದೆ ಆ ಹೆಸರು ಹಿಡಿದು ಕೂಗಬೇಕಾಗುತ್ತದೆ.

ಶ್ರೀಮಂತ ಹೊಸ ಮನೆ ಕಟ್ಟಿಸಿದ. ಮುಖ ಕಾಣುವಂಥ ನೆಲ, ಹಾಲಿನಂಥ ಗೋಡೆ, ಎಲ್ಲವೂ ಹೊಚ್ಚ ಹೊಸದು. ಸಂತೋಷಪಡಬೇಕಲ್ಲವೇ? ಇವನಿಗೆ ಹೆದರಿಕೆ ಶುರುವಾಯಿತು. ನೋಡಿದವರು 'ಇವನು ನಿನ್ನೆ ಮೊನ್ನೆಯ ಶ್ರೀಮಂತ' ಎಂದುಬಿಟ್ಟರೆ? ನಾಲ್ಕು ತಲೆಮಾರಿನ ಮನೆತನ ಎಂದು ಕಾಣಬೇಕು. ಅದಕ್ಕೆ ಹಳೆಯ ಸಾಮಾನಿನ ಅಂಗಡಿಗೆ ಹೊರಟ. ಅಜ್ಜ ಮುತ್ತಜ್ಜರನ್ನು ಅಂಗಡಿಯಲ್ಲಿ ಕೊಳ್ಳಲು ಹೊರಟ ಮಹಾರಾಯ!

ಮೊದಲು ಕೆತ್ತನೆಯ ಮಂಚ ಬಂತು. ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಇವನು ಮಂಚ ಇದ್ದಷ್ಟು ಗೋಡೆ ಒಡೆಸಿದ. ಆಮೇಲೆ ಆಳೆತ್ತರದ ಗಡಿಯಾರ ಬಂತು. ಅದು ಗಂಟೆ ಹೊಡೆದಾಗಲೆಲ್ಲ ನೀಲವ್ವ ನಿದ್ದೆಯಲ್ಲಿ ಬೆಚ್ಚಿ ಅಳುತ್ತಿದ್ದಳು. ಗಡಿಯಾರ ಅಲ್ಲೇ ಉಳಿಯಿತು, ಮಗುವಿನ ಹಾಸಿಗೆ ಹಿಂದಿನ ಕೋಣೆಗೆ ಹೋಯಿತು. ನೋಡಿ, ಮನೆಗೆ ತಕ್ಕ ಸಾಮಾನು ಬರಲಿಲ್ಲ. ಸಾಮಾನಿಗೆ ತಕ್ಕಂತೆ ಮನೆಯವರು ಮುದುಡಿಕೊಂಡರು.

ಕೊನೆಗೆ ಬಂತು ಸಂದೂಕ. ನಾಲ್ಕು ಆಳು ಹೊತ್ತು ತಂದ ದೊಡ್ಡ ಪೆಟ್ಟಿಗೆ, ಸಾಗವಾನಿ ಕಟ್ಟಿಗೆ, ಮೇಲೆ ಹಿತ್ತಾಳೆಯ ಪಟ್ಟಿ. ಯಾವುದೋ ವಾಡೆಯಲ್ಲಿ, ಅಂದರೆ ಹಳೆಯ ದೊಡ್ಡಮನೆಯಲ್ಲಿ, ಬೆಳ್ಳಿ ಬಂಗಾರ ಇಡುತ್ತಿದ್ದದ್ದು. ಅಂಗಡಿಯವನು ಅದರ ಜೊತೆಗೆ ಒಂದು ಕಥೆಯನ್ನೂ ಕಟ್ಟಿಕೊಟ್ಟ.

"ಆ ವಾಡೇದ ಮುದುಕಿ ಇದರ ಮ್ಯಾಲ ಕುಂತ ಜೀವಾ ಬಿಟ್ಟಾಳ್ರೀ. ಸಾಯೂಮುಂದೂ ಕೀಲಿಕೈ ಬಿಟ್ಟಿಲ್ಲ."

ಶ್ರೀಮಂತನ ಹೆಂಡತಿ ಅದನ್ನು ಕೇಳಿ ಸಂದೂಕದಿಂದ ಹಿಂದೆ ಸರಿದಳು. "ಯಾರದೋ ಆಸೆ ಇದಕ್ಕ ಅಂಟಕೊಂಡೈತಿ. ನಮಗ್ಯಾಕ್ರೀ ಇದು?" ಎಂದಳು. "ಏ ಹುಚ್ಚಿ, ಸಂದೂಕಕ್ಕಿಂತ ಆ ಕತೀಗೇ ಬೆಲೆ ಹೆಚ್ಚೈತಿ" ಎಂದು ಅವನು ನಕ್ಕ. ಅಂದಿನಿಂದ ಆ ತಾಯಿ ಸೆರಗಿನ ತುದಿಯಲ್ಲಿ ವಿಭೂತಿ ಕಟ್ಟಿಕೊಂಡೇ ತಿರುಗಿದಳು.

ಸಂದೂಕಕ್ಕೆ ಪಾಲಿಶ್ ಹಾಕಲು ಒಬ್ಬ ಮುದುಕ ಬಡಿಗ ಬಂದ. ಮುಚ್ಚಳವನ್ನು ಎತ್ತಿ ಇಳಿಸಿ ನೋಡಿದವನೇ ಕೈ ನಿಲ್ಲಿಸಿದ.

"ಸಾವ್ಕಾರ್ರ, ಈ ಮುಚ್ಚಳ ಬಿದ್ರ ಒಳಗಿನ ಕೊಂಡಿ ತಾನ ಬೀಳ್ತೈತ್ರೀ. ಕೀಲಿಕೈ ಇಲ್ಲದ ತೆಗಿಯಾಕ ಬರೂದಿಲ್ಲ. ಕೊಂಡಿ ತಗದ ಬಿಡ್ತೀನಿ. ಮನ್ಯಾಗ ಸಣ್ಣ ಕೂಸೈತಿ."

"ಕೊಂಡಿ ತಗದ್ರ ಇದರ ಹಳೇತನಾನ ಹೋತಲ್ಲೋ! ಅದನ್ನ ಮುಟ್ಟಬ್ಯಾಡ. ಇಲಿ ಕೊರದ ತೂತು ಅಷ್ಟು ಮುಚ್ಚು, ಮಂದಿ ನಗ್ತಾರ."

ಬಡಿಗ ತೂತುಗಳಿಗೆ ಮೇಣ ತುಂಬಿದ. ಒಂದನ್ನು ಮಾತ್ರ, ಪಕ್ಕದ ಹಲಗೆಯ ಕೆಳಗೆ ಹೆಬ್ಬೆರಳು ಹೋಗುವಷ್ಟಿದ್ದದ್ದನ್ನು, ಹಾಗೇ ಬಿಟ್ಟು ಹೋದ. ಶ್ರೀಮಂತ ಕೀಲಿಕೈಯನ್ನು ಎಲ್ಲಿಟ್ಟ ಗೊತ್ತೇ? ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ. ಕೀಲಿಕೈ ಇರುವುದು ತೆರೆಯುವುದಕ್ಕೋ, ತೋರಿಸುವುದಕ್ಕೋ? ನೀವೇ ಹೇಳಿ.

ಒಂದು ಭಾನುವಾರ ಬೀಗರು ಊಟಕ್ಕೆ ಬಂದರು. ಶ್ರೀಮಂತ ಮುಚ್ಚಳ ಎತ್ತಿ ಗೋಡೆಗೆ ಆನಿಸಿ ಒಳಗಿನ ಕೆತ್ತನೆ ತೋರಿಸಿದ. ಅಷ್ಟರಲ್ಲಿ ಊಟಕ್ಕೆ ಕರೆ ಬಂತು, ಸಂದೂಕ ತೆರೆದೇ ಉಳಿಯಿತು. ನೀಲವ್ವನಿಗೆ ಮೊದಲೇ ಉಣಿಸಿ ಆಡಲು ಬಿಟ್ಟಿದ್ದರು. ಕೈ ತೊಳೆದುಕೊಂಡು ಎಲ್ಲರೂ ಮರಳಿ ಬಂದಾಗ ಮುಚ್ಚಳ ಮುಚ್ಚಿತ್ತು. ಯಾರೋ ಮುಚ್ಚಿರಬೇಕು ಎಂದುಕೊಂಡ ಶ್ರೀಮಂತ ಅದರ ಮೇಲೇ ಕೂತ, ಎಲೆ ಅಡಿಕೆ ಹಾಕಿಕೊಂಡ, ಮುದುಕಿಯ ಕಥೆ ತೆಗೆದ. "ಇಲ್ಲೇ, ಇದರ ಮ್ಯಾಲ, ನಾ ಕುಂತಂಗ ಕುಂತಿದ್ಲಂತ..."

ಟಕ್. ಟಕ್ ಟಕ್.

ಸದ್ದು ಅವನ ಕೆಳಗಿನಿಂದ ಬಂತು. ಅವನು ತಟ್ಟನೆ ಎದ್ದ. ಮತ್ತೆ ಟಕ್ ಟಕ್. ಅದರ ಹಿಂದೆಯೇ ಸಣ್ಣಗೆ ಒಂದು ನರಳಾಟ. ದೆವ್ವಕ್ಕೆ ಹೆದರುವ ಹೆಂಡತಿಯನ್ನು ಆಡಿಕೊಂಡು ನಗುತ್ತಿದ್ದ ಧೀರ ಎಲ್ಲರಿಗಿಂತ ಮೊದಲು ಅಂಗಳದಲ್ಲಿದ್ದ! ಬೀಗರು ಚಪ್ಪಲಿ ಬಿಟ್ಟು ಓಡಿದರು. ಮಗ ಓಡಿದ, ಸೊಸೆ ಓಡಿದಳು. ಎಲ್ಲರೂ ಹೊರಬಿದ್ದ ಮೇಲೆ ಶ್ರೀಮಂತ ಏನು ಮಾಡಿದ? ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದ. "ಮುದುಕಿ ಬಂದಾಳ! ಯಾರರ ಓಡ್ರಿ, ಮಠದ ಅಯ್ಯನೋರನ್ನ ಕರಕೊಂಬರ್ರಿ!" ಎಂದು ಕೂಗಿದ.

ಅವನ ಹೆಂಡತಿ ಸೆರಗಿನ ಗಂಟು ಬಿಚ್ಚಿದಳು. ಕಾಪಾಡಪ್ಪಾ ಎನ್ನುತ್ತ ಒಬ್ಬೊಬ್ಬರ ಹಣೆಗೂ ವಿಭೂತಿ ಹಚ್ಚುತ್ತ ಹೋದಳು. ಬೀಗರಿಗೆ ಹಚ್ಚಿದಳು, ಮಗನಿಗೆ, ಸೊಸೆಗೆ, ಗಂಡನಿಗೆ ಹಚ್ಚಿದಳು. ಆಮೇಲೆ ವಿಭೂತಿ ಹಿಡಿದ ಬೆರಳನ್ನು ರೂಢಿಯಂತೆ ಕೆಳಗೆ ತಂದಳು, ಮಗುವಿನ ಹಣೆ ಇರುವಷ್ಟು ಎತ್ತರಕ್ಕೆ. ಅಲ್ಲಿ ಹಣೆ ಇರಲಿಲ್ಲ.

"ನೀಲವ್ವ ಎಲ್ಲಿ?"

ಮಗ ಹೆಂಡತಿಯ ಮುಖ ನೋಡಿದ. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಗಂಡನ ಮುಖ ನೋಡಿದಳು. ಎಲ್ಲರೂ ಮಗು ಇನ್ನೊಬ್ಬರ ಹತ್ತಿರ ಇದೆ ಎಂದುಕೊಂಡವರೇ. ಸೊಸೆ ಕಿಟಾರನೆ ಕಿರುಚಿದಳು, "ನೀಲವ್ವಾ!"

ಎಲ್ಲರೂ ಕಿವಿಗೊಟ್ಟರು. ಒಳಗಿನ ಸದ್ದು ನಿಂತಿತ್ತು.

ಅಯ್ಯೋ, ಅದುವರೆಗೆ ಅವರು ಪಟ್ಟದ್ದು ಒಂದು ಭಯವೇ? ಈಗ ಬಂದದ್ದು ನಿಜವಾದ ಭಯ. ಸದ್ದಿಗೆ ಹೆದರಿ ಓಡಿದ ಶ್ರೀಮಂತ ಈಗ ಒಂದೇ ಒಂದು ಸದ್ದಿಗಾಗಿ ಹಂಬಲಿಸಿದ. ದೆವ್ವವಾದರೂ ಇರಲಿ, ಇನ್ನೊಮ್ಮೆ ಬಡಿಯಲಿ ಶಿವನೇ ಎಂದ. ತಾನೇ ಹಾಕಿದ ಚಿಲಕ ಅವನ ಕೈಗೇ ಸಿಗಲೊಲ್ಲದು. ಒಳಗೆ ನುಗ್ಗಿ ಗೋಡೆಯ ಗಾಜಿಗೆ ಮುಷ್ಟಿಯಿಂದ ಗುದ್ದಿದ. ರಕ್ತ ಸುರಿಯುವ ಕೈಯಿಂದ ಕೀಲಿಕೈ ತಿರುಗಿಸಿದ. ಒಮ್ಮೆ ಜಾರಿತು, ಮತ್ತೆ ತಿರುಗಿಸಿದ. ಕೊಂಡಿ ಬಿಟ್ಟಿತು.

ನೀಲವ್ವ ಬೆವರಿನಲ್ಲಿ ತೊಯ್ದು ಮೂಲೆಯಲ್ಲಿ ಮುದುಡಿದ್ದಳು. ಬಡಿಗ ಮುಚ್ಚದೆ ಬಿಟ್ಟ ಆ ಒಂದು ತೂತಿಗೆ ಅವಳ ಬಾಯಿ ಹತ್ತಿಕೊಂಡಿತ್ತು. ಉಸಿರಿತ್ತು. ಅಜ್ಜ ಎತ್ತಿಕೊಂಡಾಗ ಕಣ್ಣು ಬಿಟ್ಟಳು.

"ಅಜ್ಜಾ, ಬಡದೆ ನಾ. ಯಾಕ ಓಡಿಹೋದಿ?"

ಮರುದಿನ ಶ್ರೀಮಂತ ತಾನೇ ಬಡಿಗನ ಮನೆಗೆ ಹೋದ. ಸಂದೂಕದ ಕೊಂಡಿ ಹೋಯಿತು, ಮುಚ್ಚಳವೂ ಹೋಯಿತು. ಈಗ ಅದರಲ್ಲಿ ನೀಲವ್ವನ ಆಟದ ಸಾಮಾನು ಇವೆ. ಆದರೆ ಆ ಮಗು ಇಂದಿಗೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗುವುದಿಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಹಳೆಯದು ತರಬೇಡಿ ಎಂದು ನಾನು ಹೇಳುವುದಿಲ್ಲ. ಹಳೆಯ ಕಟ್ಟಿಗೆ ಗಟ್ಟಿ, ಹಳೆಯವರ ಕೈಗೆಲಸ ಚಂದ, ಧಾರಾಳವಾಗಿ ತನ್ನಿ. ತರುವ ಮೊದಲು ಕೇಳಿ, ಇದು ಅಂದು ಯಾವ ಕೆಲಸಕ್ಕಿತ್ತು? ಆ ಕೆಲಸ ನನ್ನ ಮನೆಯಲ್ಲಿ ಇದೆಯೇ? ನನ್ನ ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ಯಾರು, ಇದರ ಮುಂದೆ ಅವರ ಗತಿ ಏನು? ಬೀಗರ ಕಣ್ಣಿನಿಂದ ಆರಿಸಬೇಡಿ. ನೆಲದ ಮೇಲೆ ಕೂತು ನಿಮ್ಮ ಮಗುವಿನ ಎತ್ತರದಿಂದ ನೋಡಿ ಆರಿಸಿ. ಕೆಲಸಗಾರ 'ಕೊಂಡಿ ತೆಗೀತೀನಿ' ಎಂದರೆ ಬಾಯಿ ಮುಚ್ಚಿಕೊಂಡು ತೆಗೆಸಿ.

ಮತ್ತೆ, ಕಟ್ಟಿಗೆಯ ಸಂದೂಕ ಒಂದೇ ಅಲ್ಲ. ಮನೆತನದ ಹಳೆಯ ಜಂಬ ಇಲ್ಲವೇ? ಅಣ್ಣ ತಮ್ಮಂದಿರ ಹಳೆಯ ಹಗೆ ಇಲ್ಲವೇ? ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಬಂದವರಿಗೆ ಕಥೆ ಹೇಳುವುದಿಲ್ಲವೇ ನಾವು? ಒಳಗಿನಿಂದ ಯಾರೋ ಬಡಿಯುತ್ತಾರೆ. ಸೊಸೆ ಉಣ್ಣುವುದನ್ನು ಬಿಡುತ್ತಾಳೆ, ಮಗಳು ಮೂಲೆ ಹಿಡಿದು ಅಳುತ್ತಾಳೆ. ನಾವು ಏನನ್ನುತ್ತೇವೆ? ಗಾಳಿ ಸೋಕಿದೆ, ದಾರ ಕಟ್ಟಿಸೋಣ! ಹೊರಗೆ ಓಡುತ್ತೇವೆ, ಚಿಲಕ ಹಾಕುತ್ತೇವೆ. ಎಲ್ಲರ ಪುಣ್ಯಕ್ಕೂ ಒಂದು ತೂತು ಉಳಿದಿರುತ್ತದೆಯೇ?

ತಾಯಂದಿರೇ, ಯಜಮಾನರೇ, ದಾರ ಕಟ್ಟಿಸಲು ಅಯ್ಯನವರನ್ನು ಕರೆಯಬೇಡಿ. ನಾನೂ ಮಠದ ಅಯ್ಯನೇ, ಆದರೆ ನಾನು ಬರುವುದಿಲ್ಲ. ಇವತ್ತು ಮನೆಗೆ ಹೋದ ಕೂಡಲೇ ವಿಭೂತಿ ಹಿಡಿದು ಒಬ್ಬೊಬ್ಬರ ಹಣೆಯನ್ನೂ ಕೈಯಾರೆ ಮುಟ್ಟಿ. ಒಂದು ಹಣೆ ಕಡಿಮೆಯಾಗಿದ್ದರೆ, ಸದ್ದು ಬಂದ ಕಡೆಗೇ ಓಡಿ, ಅದು ನಿಲ್ಲುವುದರೊಳಗೆ.