ಫೋನ್ ರಿಂಗಾಗದ ಕೋಣೆ

ನಾನು, ವಯಸ್ಸು ನಲವತ್ತನಾಲ್ಕು, ಕಸುಬು ತಗಡು ಮತ್ತು ತಾಮ್ರದ ಕೆಲಸ, ವಾಸ ಬಸ್ ಡಿಪೋ ಹಿಂದಿನ ಓಣಿಯ ಮೂರನೇ ಮನೆ, ಜನ ಕರೆಯುವುದು ತಗಡಣ್ಣ ಎಂದು. ಈ ದಿನ ಸಂಜೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಇಂದು ರೇಡಿಯೋ ಕೇಂದ್ರದ ಧ್ವನಿಮುದ್ರಣ ಕೋಣೆಯಲ್ಲಿ ತೀರಿಕೊಂಡವರು ನನ್ನ ಸ್ವಂತ ಅಕ್ಕನ ಗಂಡ. ಮದುವೆಯಾದಂದಿನಿಂದ ಅವರೂ ನಾನೂ ಜೊತೆಯಲ್ಲೇ ಕೆಲಸ ಮಾಡಿದವರು. ಅವರಿಗೆ ಉಬ್ಬಸ ಇತ್ತು. ಬಾಯಿಗೆ ಹಿಡಿದು ಒತ್ತಿಕೊಳ್ಳುವ ಔಷಧದ ಪಂಪು ಯಾವಾಗಲೂ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ಆಸ್ಪತ್ರೆಯಲ್ಲಿ ಅಕ್ಕ ನನ್ನನ್ನು ಕೇಳಿದ್ದು ಒಂದೇ ಮಾತು, ಅವರು ನಿನ್ನನ್ನು ಕರೆಯಲಿಲ್ಲವಾ ಎಂದು. ಅದಕ್ಕೆ ನಾನು ಕೊಟ್ಟ ಉತ್ತರಕ್ಕಾಗಿಯೇ ಇಲ್ಲಿಗೆ ಬಂದಿದ್ದೇನೆ.

ಕೇಂದ್ರದ ಅಂಗಳದಲ್ಲೇ ಪ್ರಸಾರದ ಗೋಪುರ ಇದೆ. ಅಲ್ಲಿಂದ ಆ ಕೋಣೆಗೆ ನಲವತ್ತು ಮೀಟರು. ಗೋಪುರದ ಅಲೆಗಳು ಮೈಕಿನ ತಂತಿಗೆ ನುಗ್ಗಿ, ಸುದ್ದಿ ಓದುವ ಮೇಡಂ ಅವರ ದನಿಯ ಹಿಂದೆ ಗುಂಯ್ ಎನ್ನುತ್ತಿದ್ದವು. ಒಮ್ಮೆ ಅವರು ಯಾರದೋ ಸಾವಿನ ಸುದ್ದಿ ಓದುವಾಗ ಹಿಂದಿನಿಂದ ಸೋಪಿನ ಜಾಹೀರಾತು ಹಾಡಿತಂತೆ. ಅಲೆ ಒಳಗೆ ಬಾರದಂತೆ ಗೋಡೆ, ಸೂರು, ನೆಲ ಎಲ್ಲಕ್ಕೂ ತಾಮ್ರದ ಹಾಳೆ ಹೊದಿಸುವ ಕೆಲಸ ನಮಗೆ ಸಿಕ್ಕಿತ್ತು. ಬಾಗಿಲಿನ ಅಂಚಿಗೂ ತಾಮ್ರದ ಸ್ಪ್ರಿಂಗ್ ಪಟ್ಟಿ ಹೊಡೆದಿದ್ದೆವು. ಸದ್ದು ಹೊರಗೆ ಹೋಗದಂತೆ ಹಾಳೆಯ ಮೇಲೆ ಫೋಮ್ ಅಂಟಿಸಿದ್ದೆವು. ಕೊನೆಯ ಗೋಡೆಗೆ ಅಂಟು ಹಚ್ಚಿದ್ದು ಇಂದು ಬೆಳಿಗ್ಗೆ. ಅದಿನ್ನೂ ಹಸಿಯಾಗಿತ್ತು.

ಕೆಲಸ ಸರಿಯಾಗಿದೆಯೇ ಎಂದು ನೋಡಲು ನಮ್ಮಲ್ಲಿ ಒಂದು ರೂಢಿ ಇದೆ. ಒಬ್ಬ ಫೋನ್ ಹಿಡಿದು ಒಳಗೆ ಹೋಗಬೇಕು, ಇನ್ನೊಬ್ಬ ಬಾಗಿಲು ಹಾಕಿ ಹೊರಗಿನಿಂದ ಕರೆ ಮಾಡಬೇಕು. ಫೋನ್ ರಿಂಗಾದರೆ ಎಲ್ಲೋ ಸಂದು ಉಳಿದಿದೆ ಎಂದು ಅರ್ಥ, ಆಗದಿದ್ದರೆ ಕೆಲಸ ಗೆದ್ದಿತು. ಒಳಗಿದ್ದವನು ಒಂದು ಸಂದೇಶವನ್ನೂ ಕಳಿಸುತ್ತಾನೆ. ಅದು ಹೊರಗೆ ಬಂದರೆ ಹೊರಗಿದ್ದವನು ಸೋತ ಲೆಕ್ಕ, ಟೀ ಕೊಡಿಸಬೇಕು. ಒಳಗೆ ಹೋಗುವುದು ಯಾವಾಗಲೂ ಭಾವನೇ. ಎರಡು ನಿಮಿಷ ಕಳೆದ ಮೇಲೆ ಅವರೇ ಹಿಡಿ ತಿರುಗಿಸಿ ಹೊರಗೆ ಬರುತ್ತಿದ್ದರು.

ಇಂದು ಹನ್ನೊಂದು ಗಂಟೆಗೆ ಮೊದಲ ಸಲ ನೋಡಿದಾಗ ಫೋನ್ ರಿಂಗಾಯಿತು. ಮಧ್ಯಾಹ್ನ ಕೇಂದ್ರದ ಮೇಲಧಿಕಾರಿಗಳು ಕೆಲಸ ನೋಡಲು ಬರುವವರಿದ್ದರು. ಗಾಳಿಕಿಂಡಿಯಿಂದಲೂ ಬಾಗಿಲಿನ ಹಿಡಿಯ ತೂತಿನಿಂದಲೂ ಅಲೆ ನುಗ್ಗುತ್ತಿದೆ ಎಂದು ನನಗೆ ಗೊತ್ತಾಯಿತು. ಕಿಂಡಿಗೆ ಹಾಕಬೇಕಾದ ತಾಮ್ರದ ಜಾಲರಿ ಇನ್ನೂ ಬಂದಿರಲಿಲ್ಲ. ಸದ್ಯಕ್ಕೆಂದು ನಾನೇ ಅದಕ್ಕೆ ಇಡೀ ಹಾಳೆ ಬಡಿದೆ. ಹಿಡಿಯನ್ನು ಕಳಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ತೂತಿಗೆ ತಾಮ್ರದ ಪಟ್ಟಿ ಅಂಟಿಸಿದೆ.

ಗಾಳಿ ಎಲ್ಲಿಂದ ಬರುತ್ತದೆ ಎಂದು ಭಾವ ಕೇಳಿದರು. ನಾನು ತಮಾಷೆ ಮಾಡಿದೆ. ಆಡಿದ ಮಾತು ಇದ್ದ ಹಾಗೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ಅಕ್ಕನ ಎದುರಿಗೆ ಇಷ್ಟು ವರ್ಷ ಉಸಿರೆತ್ತದೆ ಬದುಕಿದೋರು ನೀವು, ಎರಡು ನಿಮಿಷ ಆಗಲ್ವಾ ಭಾವ?" ಅವರು ನಕ್ಕರು. ಸೆಕೆ ಎಂದು ಅಂಗಿ ಬಿಚ್ಚಿ, ಬಾಗಿಲಿನ ಹೊರಗಿದ್ದ ಮೊಳೆಗೆ ಸಿಕ್ಕಿಸಿ ಒಳಗೆ ಹೋದರು. ಹಿಡಿ ಇಲ್ಲದೆ ಬಾಗಿಲು ಬಿಗಿಯಾಗಿ ನಿಲ್ಲದ್ದರಿಂದ ನಾನು ಅದನ್ನು ಒತ್ತಿ ಹೊರಗಿನಿಂದ ಅಗುಳಿ ಹಾಕಿದೆ. ಆಗ ಹನ್ನೊಂದೂವರೆ.

ನಾನು ಕರೆ ಮಾಡಿದೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಫೋನ್ ಹೇಳಿತು. ಅವರು ನನ್ನಿಂದ ಒಂದು ಗೇಣು ದಪ್ಪದ ಬಾಗಿಲಿನ ಆಚೆ ಇದ್ದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು ಎನ್ನುವಷ್ಟು ಖುಷಿಯಾಯಿತು. ಕೇಂದ್ರದ ಎಂಜಿನಿಯರನ್ನು ಕೂಗಿ ಕರೆದೆ. ಅವರು ನಂಬದೆ ತಮ್ಮ ಫೋನಿನಿಂದಲೂ ಮಾಡಿ ನೋಡಿದರು. ಆಮೇಲೆ ಮೇಡಂ ಮಾಡಿದರು, ಗೇಟಿನ ಕಾವಲುಗಾರನೂ ಬಂದು ಮಾಡಿದ. ಎಲ್ಲರಿಗೂ ಅದೇ ಉತ್ತರ ಬಂತು. ನಿಮ್ಮ ಭಾವನನ್ನು ಭೂಮಿಯ ಮೇಲಿಂದಲೇ ಮಾಯ ಮಾಡಿಬಿಟ್ಟಿರಲ್ಲ ಎಂದು ಎಂಜಿನಿಯರ್ ಹೇಳಿದರು. ನಾವೆಲ್ಲರೂ ನಕ್ಕೆವು. ನಾನು ಬಾಗಿಲಿಗೆ, ಆ ಅಂಗಿಯ ಮೇಲೆಯೇ, ಬೆನ್ನು ಕೊಟ್ಟು ನಿಂತು ಎಲ್ಲರಿಗಿಂತ ಜೋರಾಗಿ ನಕ್ಕೆ. ಬಾಗಿಲಿನಿಂದ ಯಾವ ಸದ್ದೂ ಬರಲಿಲ್ಲ. ಬಾರದ ಹಾಗೆ ಮಾಡಿದವನು ನಾನೇ.

ಆಮೇಲೆ ಎಂಜಿನಿಯರ್ ಹಾಳೆಯಿಂದ ಭೂಮಿಗೆ ಇಳಿಸಿದ ಅರ್ಥಿಂಗ್ ತಂತಿಯನ್ನು ತೋರಿಸಿ ಎಂದರು. ನಾನು ಕಟ್ಟಡದ ಹಿಂದಕ್ಕೆ ಹೋದೆ. ಭಾವ ಎಂದಿನಂತೆ ತಾವೇ ಹೊರಗೆ ಬಂದಿರುತ್ತಾರೆ, ಟೀ ಅಂಗಡಿಗೆ ಹೋಗಿರುತ್ತಾರೆ ಎಂದುಕೊಂಡೆ. ಬೆವರು ಒರೆಸಿಕೊಳ್ಳಲು ಕರ್ಚೀಫಿಗೆಂದು ಜೇಬಿಗೆ ಕೈ ಹಾಕಿದಾಗ ಬಾಗಿಲಿನ ಹಿಡಿ ಕೈಗೆ ಸಿಕ್ಕಿತು. ಹೊರಗಿನಿಂದ ಅಗುಳಿ ಹಾಕಿದ್ದೂ ಆಗಲೇ ನೆನಪಾಯಿತು. ಎಂಜಿನಿಯರಿಗೆ ಏನೂ ಹೇಳದೆ ಓಡಿದೆ. ಅಗುಳಿ ತೆಗೆದಾಗ ಹನ್ನೆರಡಕ್ಕೆ ಐದು ನಿಮಿಷ ಇತ್ತು.

ಅಂಟಿನ ವಾಸನೆ ಮುಖಕ್ಕೆ ಹೊಡೆಯಿತು. ಭಾವ ಹೊಸ್ತಿಲಿಗೆ ತಲೆ ಇಟ್ಟು ಬಿದ್ದಿದ್ದರು. ಬಾಗಿಲಿನ ಕೆಳಗಿನ ಫೋಮ್ ಕಿತ್ತುಬಂದಿತ್ತು, ಉಗುರಿನಲ್ಲಿ ಅದರ ಚೂರುಗಳಿದ್ದವು. ಕಾವಲುಗಾರನೂ ನಾನೂ ಎತ್ತಿಕೊಂಡೆವು. ಹೊಸ್ತಿಲು ದಾಟಿದ ಕೂಡಲೇ ಅವರ ಕೈಯಲ್ಲಿದ್ದ ಫೋನ್ ಸದ್ದು ಮಾಡತೊಡಗಿತು. ನಾವು ಮಾಡಿದ ಕರೆಗಳ ಸೂಚನೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅದರ ಜೊತೆಗೇ ನನ್ನ ಜೇಬಿನ ಫೋನೂ ಸದ್ದು ಮಾಡಿತು. ನಾನು ನೋಡಲಿಲ್ಲ, ಎರಡು ಕೈಯಲ್ಲೂ ಅವರಿದ್ದರು.

ಆಸ್ಪತ್ರೆ ಎರಡು ಕಿಲೋಮೀಟರು. ಡಾಕ್ಟರು ನೋಡಿ, ಬರುವ ಮೊದಲೇ ಜೀವ ಹೋಗಿದೆ ಎಂದರು. ಅಕ್ಕ ಕೆಲಸದ ಮನೆಯಿಂದ ಒದ್ದೆ ಕೈಯಲ್ಲೇ ಬಂದಳು. ಅಳಲಿಲ್ಲ. "ಅವರು ನಿನ್ನ ಕರೀಲಿಲ್ವೇನೋ?" ಎಂದು ಕೇಳಿದಳು. ಇಲ್ಲ ಅಕ್ಕ, ನಿದ್ದೆ ಬಂದ ಹಾಗೆ ಹೋಗಿಬಿಟ್ಟರು ಎಂದೆ. ಹಾಗಾದರೆ ಸಂಕಟಪಡಲಿಲ್ಲ ಎಂದು ಅವಳು ಗೋಡೆಗೆ ಒರಗಿ ಕೂತಳು.

ಭಾವನ ತಮ್ಮನಿಗೆ ತಿಳಿಸಲೆಂದು ಫೋನ್ ತೆಗೆದೆ. ಅದರಲ್ಲಿ ಭಾವನ ಮೂರು ಸಂದೇಶಗಳು ಬಂದಿದ್ದವು. ಮೊದಲನೆಯದು, "ಇದು ಸಿಕ್ಕರೆ ಟೀ ನಿಂದು." ಎರಡನೆಯದು, "ಸಾಕು ತೆಗಿಯೋ, ವಾಸನೆ ತಡೆಯಕ್ಕಾಗ್ತಿಲ್ಲ." ಮೂರನೆಯದು, "ಅಂಗಿ ಜೇಬಲ್ಲಿ ಪಂಪು."

ನನ್ನ ಫೋನನ್ನೂ ಬಾಗಿಲಿನ ಹಿಡಿಯನ್ನೂ ಠಾಣೆಗೆ ಒಪ್ಪಿಸಿದ್ದೇನೆ. ಅಂಗಿ ಇನ್ನೂ ಆ ಮೊಳೆಯಲ್ಲೇ ಇದೆ.

ನಾನು ಹೇಳಿದ್ದನ್ನು ಬರೆದುಕೊಂಡು ನನಗೆ ಓದಿ ಹೇಳಿದ್ದಾರೆ, ಸರಿಯಾಗಿದೆ. ಇದರಲ್ಲಿ ಇರುವುದೆಲ್ಲ ನಿಜ, ಅಕ್ಕನಿಗೆ ಕೊಟ್ಟ ಉತ್ತರ ಒಂದನ್ನು ಬಿಟ್ಟು. ಅವರು ಕರೆದರು. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಈ ಹೇಳಿಕೆಯನ್ನು ಅವಳಿಗೆ ನೀವೇ ಓದಿ ಹೇಳಬೇಕು, ನನ್ನ ಬಾಯಿಂದ ಆಗುವುದಿಲ್ಲ.

ಸ್ಥಳ: ಠಾಣೆ
ದಿನಾಂಕ: ಈ ದಿನ, ಸಂಜೆ ಆರು ಗಂಟೆ
ಹೇಳಿಕೆ ಕೊಟ್ಟವನ ಸಹಿ