ಅರವತ್ತೈದಕ್ಕೆ ಎರಡು ಕಮ್ಮಿ

ಊಹಿಸಣ್ಣ, ಊಹಿಸು! ಇವತ್ತು ನನಗೇನಾಯ್ತು ಹೇಳು ನೋಡೋಣ... ಇಲ್ಲಪ್ಪ, ಬಿದ್ದಿಲ್ಲ. ಕೆಲಸಾನೂ ಹೋಗಿಲ್ಲ... ಇನ್ನೂ. ಹಲ್ಲು ಕಣಣ್ಣ, ಹಲ್ಲು! ಜೊಂಗ್ನೋದ ಲ್ಯಾಬಿಂದ ಸುವೊನ್‌ಗೆ ಕಟ್ಟಿಸಿದ ಹಲ್ಲಿನ ಸೆಟ್ ತಲುಪಿಸ್ಬೇಕಿತ್ತು. ಅಲ್ಲಿ ಡಾಕ್ಟರ ಕುರ್ಚಿ ಮೇಲೆ ಅಜ್ಜಿ ಬೊಚ್ಚುಬಾಯಿ ತೆರ್ಕೊಂಡು ಕೂತಿದಾಳೆ, ಇಲ್ಲಿ ಅವಳ ಹಲ್ಲು ನನ್ನ ಚೀಲದಲ್ಲಿ ಕಟಕಟ ಅಂತಿದೆ... ನಗು ಬರಲ್ವಾ? ಹೋದ ವಾರ ಹೂಗುಚ್ಛದ ಕತೆಗೆ ಅಷ್ಟು ನಕ್ಕೆಯಲ್ಲ!

ಸರಿ, ಕೇಳು. ಮೆಟ್ರೋ ಗೇಟಿಗೆ ಕಾರ್ಡ್ ಒತ್ತಿದೆ. ಕೆಂಪು ದೀಪ! ಮತ್ತೆ ಒತ್ತಿದೆ. ಮತ್ತೂ ಕೆಂಪು! "ಅಜ್ಜಾ, ಪಕ್ಕಕ್ಕೆ ಸರೀರಿ" ಅಂತ ಹಿಂದಿನಿಂದ ಒಬ್ಬಳು. ಮೆಷೀನ್ ಕೆಟ್ಟಿರ್ಬೇಕು... ಹೌದಣ್ಣ, ಕಂಪನಿ ಕೊಟ್ಟ ಕಾರ್ಡೇ. ಅವತ್ತೇ ಹೇಳಿದ್ನಲ್ಲ! ಯಾಕೆ ಹಾಗೆ ನೋಡ್ತೀಯ?

ಟಿಕೆಟ್ ತಗೊಂಡು ಓಡಿದೆ. ಮುಕ್ಕಾಲು ಗಂಟೆ ತಡ! ಕಾರ್ಡ್ ಓಡ್ಲಿಲ್ಲ ಅಂದಿದ್ದಕ್ಕೆ ನಮ್ಮ ಮೇಲ್ವಿಚಾರಕ ಪ್ಯೋ ಫೋನಲ್ಲೇ ಉಗಿದ. "ನಾಳೆ ನಿಮ್ಮ ಕಾರ್ಡ್ ತಂದು ಮೇಜಿನ ಮೇಲಿಡಿ, ಹೆಸರು ನೋಡ್ಬೇಕು" ಅಂದ. ನನ್ನ ಕಾರ್ಡ್... ಅಂದ್ರೆ ಕಂಪನಿದು... ಬಿಡು. ಬಾರ್ಲಿ ಚಹಾ ಕಾಯಿಸ್ಲಾ?

ಅಲ್ಲ, ಮನೆಯೊಳಗೆ ಯಾಕೆ ಕೋಟು? ಎಲ್ಲಿಗೆ ಹೋಗಿದ್ದೆ? ಆ ಮಂಡಿ ಇಟ್ಕೊಂಡು ನಾಲ್ಕು ಮಹಡಿ ಇಳಿದ್ಯಾ? ಅಂಗೈ ಕೆಳಗೆ ಏನದು, ತೋರ್ಸು...

ಹೊಸ ಕಾರ್ಡು.

ವಾರ್ಡ್ ಆಫೀಸಿಗೆ ನೀನೇ... ನಿನ್ನ ಕಳೆದುಹೋದ ಕಾರ್ಡಿಗೆ ನಾನು ಅರ್ಜಿ ಕೊಟ್ಟಿದೀನಿ ಅಂದಿದ್ನಲ್ಲ... ಬಂದೇ ಇಲ್ಲ ಅಂದ್ರಾ? ಹಂಗಾದ್ರೆ ನಿನ್ನ ಹಳೇದು... ಬೆಳಿಗ್ಗೇನೇ ರದ್ದು ಮಾಡಿದ್ರಾ? ಹ್ಞೂಂ... ಮೆಷೀನ್ ಕೆಟ್ಟಿರ್ಲಿಲ್ಲ ಬಿಡು.

ಅಣ್ಣ, ಹಂಗೆ ನೋಡ್ಬೇಡ. ನಾನಿದ್ದ ಪ್ರೆಸ್ ಮುಚ್ಚಿ ಆರು ವರ್ಷ! ವಾಚ್‌ಮನ್ ಕೆಲಸಕ್ಕೆ ಹೋದ್ರೆ ವಯಸ್ಸಾಯ್ತು ಅಂದ್ರು. ಪಾತ್ರೆ ತೊಳೀತೀನಿ ಅಂದ್ರೂ ವಯಸ್ಸಾಯ್ತು. ಆರು ವರ್ಷ ನೀನು ಬಡಿಸಿದ ಅನ್ನ ತಲೆ ತಗ್ಗಿಸ್ಕೊಂಡು ತಿಂದೆ. ಕೊನೆಗೆ ಈ ಒಂದು ಜಾಗ ಸಿಕ್ತು, ಇಲ್ಲಿ ನನಗೆ ವಯಸ್ಸು ಸಾಲದು! ಅರವತ್ತೈದು ತುಂಬಿದೋರಿಗೆ ರೈಲು ಪುಕ್ಕಟೆ ನೋಡು, ಅದಕ್ಕೇ ಪಾರ್ಸೆಲ್ ಹೊರೋಕೆ ಮುದುಕರೇ ಬೇಕು ಅವರಿಗೆ. ನಾನು ಅರವತ್ತೈದು ಅಂದೆ. ಸುಳ್ಳಾ? ಹುಟ್ಟಿದ ದಿನಕ್ಕೇ ಒಂದು, ಮುಂದೆ ಪ್ರತಿ ಹೊಸವರ್ಷಕ್ಕೂ ಒಂದೊಂದು... ಅಮ್ಮ ಎಣಿಸ್ತಿದ್ದ ಲೆಕ್ಕದಲ್ಲಿ ನನಗೆ ಅರವತ್ತೈದೇ! ಸರ್ಕಾರದ ಲೆಕ್ಕದಲ್ಲಿ ಅರವತ್ಮೂರು ಆದ್ರೆ ನಾನೇನ್ಮಾಡ್ಲಿ?

ಬೈಯಣ್ಣ. ಒಂದೇಟು ಹೊಡಿ ಬೇಕಾದ್ರೆ.

ಕ್ಯಾಲೆಂಡರ್ ಕಡೆ ಯಾಕೆ ನೋಡ್ತೀಯ? ಬೇಡ ಅಣ್ಣ. ಅದು ಬೇಡ.

ಗೊತ್ತಾಗಿದ್ರೂ, ಕಾರ್ಡ್ ಎತ್ತಿದ್ದು ಯಾವತ್ತು ಅಂತ ನನ್ನ ಬಾಯಿಂದಲೇ ಬರ್ಬೇಕಾ?

ಅವತ್ತು ನೀನು ಇದೇ ಕೋಟು ಹಾಕಿದ್ದೆ. ಬೂಟಿಗೆ ಪಾಲಿಶ್ ಮಾಡಿದ್ದೆ. ಅತ್ತಿಗೆಗೆ ಅಂತ ಮರಸೇಬು, ಬಟ್ಟೆಯಲ್ಲಿ ಗಂಟು ಕಟ್ಟಿ ಬಾಗಿಲ ಹತ್ರ ಇಟ್ಟಿದ್ದೆ. ಕಾರ್ಡ್ ಮಾತ್ರ ಇಲ್ಲ. ಟಿಕೆಟ್ ತಗೊಳ್ಳೋಣ ಅಂದ್ರೆ ಇದ್ದ ಕಾಸು ಹಣ್ಣಿಗೇ ಆಗಿತ್ತು. ಜೇಬು, ಹಾಸಿಗೆ, ಅಕ್ಕಿ ಡಬ್ಬಿ... ಸಂಜೆ ನಾಲ್ಕರ ತನಕ ಹುಡುಕಿದೆ ನೀನು. ನಾನೂ ಹುಡುಕಿದೆ ಅಣ್ಣ! ಮಂಡಿಯೂರಿ, ಬೀರು ಕೆಳಗೆ ಕೈ ಹಾಕಿ ಹುಡುಕಿದೆ... ಕಾರ್ಡ್ ನನ್ನ ಕಾಲುಚೀಲದೊಳಗೆ ಚುಚ್ತಾ ಇತ್ತು. ಅತ್ತಿಗೆ ಬೂದಿ ಇಟ್ಟಿರೋ ಅಸ್ಥಿಮಂದಿರಕ್ಕೆ ಐದು ಗಂಟೆಗೆ ಬಾಗಿಲು ಹಾಕ್ತಾರೆ, ಇನ್ನು ಹೋದ್ರೂ ಸಿಗಲ್ಲ ಅಂತ ಹೇಳಿದೋನೂ ನಾನೇ. ನೀನು ಬೂಟು ಬಿಚ್ಚಿ, ಒಂದು ಹಣ್ಣಿನ ಸಿಪ್ಪೆ ತೆಗೆದು ನನಗೇ ಕೊಟ್ಟೆ.

ತಿಂದೆ ಅಣ್ಣ. ಮಾರನೇ ದಿನ ಕೆಲಸಕ್ಕೆ ಸೇರೋದಿತ್ತು.

ಮರ್ತಿಲ್ಲ. ಅತ್ತಿಗೆಯ ತಿಥಿ. ಅಕ್ಟೋಬರ್ ಹದಿನೇಳು, ಮಂಗಳವಾರ.